ಎಪ್ಪತ್ತರ ಕಾಲಿಗೂ ಕಸುವು: ಹಿರಿಯರ ಓಡಾಟ, ವ್ಯಾಯಾಮದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಅರವತ್ತು ದಾಟಿದವರು ಮತ್ತು ಅವರ ಮನೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಜೋಡಿಸಿದ್ದೇವೆ. ಮೊದಲು ಎಲ್ಲರಿಗೂ ಬೇಕಾದವು ಇವೆ, ಕಾಯಿಲೆ ಇರುವವರ ಪ್ರಶ್ನೆಗಳು ಆಮೇಲೆ. ನಿಮಗೆ ಸಂಬಂಧಿಸಿದ್ದನ್ನು ಮಾತ್ರ ಓದಿಕೊಂಡರೂ ಸಾಕು.

## ಶುರು ಮಾಡುವ ಮುಂಚೆ

ನನಗೆ ಎಪ್ಪತ್ತೆರಡು. ಇನ್ನು ಶುರು ಮಾಡಿ ಏನಾದ್ರೂ ಉಪಯೋಗ ಇದೆಯಾ?

ಇದೆ. ಸ್ನಾಯುವಿಗೆ ಕೆಲಸ ಕೊಟ್ಟರೆ ಯಾವ ವಯಸ್ಸಿನಲ್ಲೂ ಬಲಿಯುತ್ತದೆ. ಅಮೆರಿಕದ ಬೋಸ್ಟನ್‌ನ ವೃದ್ಧಾಶ್ರಮವೊಂದರಲ್ಲಿ 86ರಿಂದ 96 ವರ್ಷದ ಹತ್ತು ಮಂದಿಗೆ ಎಂಟು ವಾರ ತೊಡೆಗೆ ಭಾರದ ವ್ಯಾಯಾಮ ಮಾಡಿಸಿದರು. 1990ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಕೊನೆಯವರೆಗೆ ಮಾಡಿದವರ ತೊಡೆಯ ಶಕ್ತಿ ಸರಾಸರಿ ಶೇ 174ರಷ್ಟು ಹೆಚ್ಚಿತ್ತು, ನಡಿಗೆಯೂ ಚುರುಕಾಗಿತ್ತು. ವ್ಯಾಯಾಮ ಬಿಟ್ಟ ನಾಲ್ಕೇ ವಾರದಲ್ಲಿ ಆ ಶಕ್ತಿ ಮತ್ತೆ ಇಳಿಯತೊಡಗಿತು ಎಂಬುದನ್ನೂ ಇಲ್ಲೇ ಹೇಳಬೇಕು. ಹಾಗಾಗಿ ಹಬ್ಬ, ಮದುವೆ, ಜ್ವರ ಅಂತ ನಿಂತುಹೋದಾಗ ಆದಷ್ಟು ಬೇಗ ಮತ್ತೆ ಹಿಡಿಯಿರಿ.

ಲಾಭ ಕಾಲಿಗಷ್ಟೇ ಅಲ್ಲ. ಬಿಪಿ ಇಳಿಯುತ್ತದೆ, ನಿದ್ದೆ ಗಾಢವಾಗುತ್ತದೆ, ಮಲಬದ್ಧತೆ ಕಡಿಮೆಯಾಗುತ್ತದೆ, ಮನಸ್ಸಿನ ಮಂಕು ಸರಿಯುತ್ತದೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರ ಮೇಲೆ ಅಮೆರಿಕದಲ್ಲೇ ನಡೆದ, 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ನಡಿಗೆ ಮತ್ತು ತೂಕ ಇಳಿಕೆಯಿಂದ ಕಾಯಿಲೆ ಬರುವ ಸಾಧ್ಯತೆ ಒಟ್ಟಾರೆ ಶೇ 58ರಷ್ಟು ತಗ್ಗಿತು. ಅರವತ್ತು ದಾಟಿದವರಲ್ಲಿ ಅದು ಶೇ 71. ಹೆಚ್ಚು ಫಲ ಸಿಕ್ಕಿದ್ದು ಹಿರಿಯರಿಗೇ.

ಜೀವಮಾನವೆಲ್ಲ ತೋಟ, ಗದ್ದೆ ಅಂತ ದುಡಿದಿದ್ದೀನಿ. ನಂಗೂ ವ್ಯಾಯಾಮ ಬೇಕಾ?

ಈಗಲೂ ದಿನಕ್ಕೆ ನಾಲ್ಕೈದು ಗಂಟೆ ತೋಟ ಸುತ್ತುತ್ತಿದ್ದರೆ ನಡಿಗೆಯ ಲೆಕ್ಕ ಅಲ್ಲೇ ಮುಗಿಯಿತು. ಆದರೆ ಕಾಫಿ ಕೊಯ್ಯುವುದು, ಕಳೆ ತೆಗೆಯುವುದು, ಕಣದಲ್ಲಿ ಕಾಫಿ ಎಳೆಯುವುದು ಎಲ್ಲವೂ ಒಂದೇ ಬಗೆಯ ಚಲನೆ. ಬೆನ್ನು ಬಾಗಿರುತ್ತದೆ, ಹೆಗಲು ಮುಂದಕ್ಕೆ ಬಂದಿರುತ್ತದೆ. ಮೈ ತೂಗಿಸಿಕೊಂಡು ನಿಲ್ಲುವ ಅಭ್ಯಾಸವಾಗಲಿ, ಬೆನ್ನು ನೆಟ್ಟಗಾಗಿಸುವ ಕೆಲಸವಾಗಲಿ ಅದರಲ್ಲಿಲ್ಲ. ವಾರಕ್ಕೆ ಮೂರು ದಿನ ಹತ್ತು ನಿಮಿಷ ಕುರ್ಚಿಯ ವ್ಯಾಯಾಮ ಮತ್ತು ಸಮತೋಲನದ ಅಭ್ಯಾಸ ಸೇರಿಸಿಕೊಳ್ಳಿ. ಇನ್ನೊಂದು ಮಾತು: ದುಡಿತ ಕೊಯ್ಲಿನ ಕಾಲಕ್ಕೆ ಸೀಮಿತವಾಗಿದ್ದು, ಮಿಕ್ಕ ತಿಂಗಳು ಜಗಲಿಯಲ್ಲೇ ಕಳೆಯುತ್ತಿದ್ದರೆ, ಹಿಂದಿನ ದುಡಿಮೆಯ ಬಲ ಈಗ ಉಳಿದಿರುವುದಿಲ್ಲ.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಆಗ್ಲೇಬೇಕಂತೆ, ಹೌದಾ?

ಇಲ್ಲ. ಆ ಸಂಖ್ಯೆ ಬಂದದ್ದು 1965ರಲ್ಲಿ ಜಪಾನ್‌ನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ. ಅರವತ್ತು ದಾಟಿದವರಲ್ಲಿ 6,000ದಿಂದ 8,000 ಹೆಜ್ಜೆಯ ಹೊತ್ತಿಗೇ ಹೆಚ್ಚಿನ ಲಾಭ ಸಿಕ್ಕಿಬಿಡುತ್ತದೆ ಎಂದು 2022ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಕಂಡಿತು. ಈಗ 2,000 ಹೆಜ್ಜೆ ನಡೆಯುವವರು 3,000ಕ್ಕೆ ಹೋದರೂ ಅದು ಸಾರ್ಥಕ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕ ಹೀಗಿದೆ: ವಾರಕ್ಕೆ ಒಟ್ಟು 150ರಿಂದ 300 ನಿಮಿಷ ಸಾಧಾರಣ ವೇಗದ ಓಡಾಟ, ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಕೆಲಸ, 65 ದಾಟಿದವರಿಗೆ ಮೂರು ದಿನ ಸಮತೋಲನದ ಅಭ್ಯಾಸ. ಸಾಧಾರಣ ವೇಗ ಎಂದರೆ ನಡೆಯುತ್ತಾ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಅರ್ಧ ಗಂಟೆಯನ್ನು ಒಂದೇ ಸಲ ಮಾಡಬೇಕೆಂದೇನಿಲ್ಲ. ಹತ್ತು ಹತ್ತು ನಿಮಿಷದ ಮೂರು ಕಂತೂ ಸರಿಯೇ.

ವಾಕಿಂಗ್ ಒಂದು ದಿನವೂ ತಪ್ಸಲ್ಲ. ಅದು ಸಾಲ್ದಾ?

ಹೃದಯಕ್ಕೆ, ಸಕ್ಕರೆಗೆ ಬಹಳ ಒಳ್ಳೆಯದು. ಆದರೆ ಹಾಸನದ ಮಹಾರಾಜ ಪಾರ್ಕಿನಲ್ಲೋ ಚಿಕ್ಕಮಗಳೂರಿನ ರತ್ನಗಿರಿ ಬೋರೆಯಲ್ಲೋ ದಿನಾ ಸುತ್ತು ಹಾಕುವ ಎಷ್ಟೋ ಮಂದಿ ತಗ್ಗು ಕುರ್ಚಿಯಿಂದ ಏಳುವಾಗ ಎರಡೂ ಕೈ ಊರುತ್ತಾರೆ. ಸಮತಟ್ಟು ನೆಲದ ನಡಿಗೆ ತೊಡೆಯ ಶಕ್ತಿಯಲ್ಲಿ ಸ್ವಲ್ಪ ಭಾಗವನ್ನಷ್ಟೇ ಕೇಳುತ್ತದೆ. ಕೇಳದೇ ಬಿಟ್ಟ ಭಾಗ ಕರಗುತ್ತಾ ಹೋಗುತ್ತದೆ. ಶೌಚದಿಂದ ಏಳಲು, ಬಸ್ಸಿನ ಮೆಟ್ಟಿಲು ಹತ್ತಲು, ಎಡವಿದಾಗ ತಡೆದು ನಿಲ್ಲಲು ಬೇಕಾದದ್ದು ಆ ಭಾಗವೇ.

'ನೀವು ಸುಮ್ನೆ ಕೂತ್ಕೊಳ್ಳಿ ಅಮ್ಮ, ನಾವು ಮಾಡ್ತೀವಿ' ಅಂತ ಸೊಸೆ ಏನೂ ಮಾಡಕ್ಕೆ ಬಿಡಲ್ಲ. ಹೇಗೆ ಹೇಳೋದು?

ಪ್ರೀತಿಯಿಂದಲೇ ಹಾಗೆ ಹೇಳುತ್ತಾರೆ, ಆದರೆ ಹಿರಿಯರ ಕಾಲಿನ ಕಸುವು ಮೊದಲು ಹೋಗುವುದು ಇಲ್ಲೇ. ಬೆಳಿಗ್ಗೆ ಹೂ ಕೊಯ್ಯುವುದು, ಬಟ್ಟೆ ಒಣಹಾಕಿ ತೆಗೆಯುವುದು, ಹಾಲು ತರುವುದು, ಪಾತ್ರೆ ಒರೆಸಿ ಮೇಲಿನ ಹಲಗೆಯಲ್ಲಿಡುವುದು ನಿಮ್ಮ ಪಾಲಿಗೇ ಇರಲಿ ಎಂದು ಹೆಸರಿಟ್ಟು ಕೇಳಿಕೊಳ್ಳಿ. ಮನೆಯವರು ತೆಗೆದುಕೊಳ್ಳಬೇಕಾದ ಕೆಲಸ ಬೇರೆ ಇವೆ: ಸ್ಟೂಲ್ ಹತ್ತಿ ಅಟ್ಟದಿಂದ ಇಳಿಸುವುದು, ತುಂಬಿದ ಕೊಡ ಎತ್ತುವುದು, ಒದ್ದೆ ನೆಲ ಒರೆಸುವುದು.

## ಮನೆಯಲ್ಲೇ ಅಳೆದು, ಮನೆಯಲ್ಲೇ ಮಾಡುವುದು

ಕಾಲಲ್ಲಿ ಎಷ್ಟು ಶಕ್ತಿ ಇದೆ ಅಂತ ಡಾಕ್ಟ್ರ ಹತ್ರ ಹೋಗ್ದೆ ಗೊತ್ತಾಗುತ್ತಾ?

ಗೊತ್ತಾಗುತ್ತದೆ. ಕೈ ಇಲ್ಲದ ಗಟ್ಟಿ ಕುರ್ಚಿ ಬೇಕು, ಕೂರುವ ಹಲಗೆ ನೆಲದಿಂದ 17 ಇಂಚು ಇರಲಿ. ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಜಾರುತ್ತದೆ, ಆದ್ದರಿಂದ ಯಾವುದೇ ಕುರ್ಚಿಯಾದರೂ ಬೆನ್ನು ಗೋಡೆಗೆ ತಾಗಿಸಿಡಿ. ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಅಥವಾ ಪಂಚೆ ಕಾಲಿಗೆ ಸಿಗದಂತೆ ಎತ್ತಿ ಕಟ್ಟಿ, ಕುರ್ಚಿಯ ನಡುವೆ ಕೂರಿ. ಎರಡೂ ಕೈ ಎದೆಯ ಮೇಲೆ ಅಡ್ಡವಾಗಿ ಹೆಗಲು ಮುಟ್ಟಿರಲಿ. ಪಕ್ಕದಲ್ಲೊಬ್ಬರು ಮೊಬೈಲಿನಲ್ಲಿ 30 ಸೆಕೆಂಡ್ ನೋಡುತ್ತಿರಲಿ. ಪೂರ್ತಿ ಎದ್ದು ನಿಂತು ಮತ್ತೆ ಕೂತರೆ ಒಂದು ಲೆಕ್ಕ. ಕೈ ಊರಿದರೆ ಲೆಕ್ಕ ಸೊನ್ನೆ.

65ರಿಂದ 69ರ ಗಂಡಸರು 12, ಹೆಂಗಸರು 11 ಸಲ ಏಳಬೇಕು. 70ರಿಂದ 74ಕ್ಕೆ 12 ಮತ್ತು 10. 75ರಿಂದ 79ಕ್ಕೆ 11 ಮತ್ತು 10. 80ರಿಂದ 84ಕ್ಕೆ 10 ಮತ್ತು 9. ಇದಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚು ಎಂದರ್ಥ. ಕ್ಯಾಲೆಂಡರಿನ ಮೇಲೆ ಸಂಖ್ಯೆ ಬರೆದಿಡಿ, ತಿಂಗಳಿಗೊಮ್ಮೆ ಮತ್ತೆ ಎಣಿಸಿ.

ಕೈ ಊರದೆ ಒಂದ್ಸಲವೂ ಏಳೋಕಾಗ್ತಿಲ್ಲ. ಎಲ್ಲಿಂದ ಶುರು ಮಾಡ್ಲಿ?

ಕುರ್ಚಿಯನ್ನು ಎತ್ತರಿಸಿಕೊಳ್ಳಿ. ಮಡಿಸಿದ ಗಟ್ಟಿ ಜಮಖಾನ ಎರಡು ಹಾಸಿದರೆ ನಾಲ್ಕು ಇಂಚು ಸಿಗುತ್ತದೆ, ಅಲ್ಲಿಂದ ಏಳುವುದು ಸುಲಭ. ಮೆತ್ತನೆ ದಿಂಬು ಬೇಡ, ಒಳಗೆ ಹುದುಗಿ ಏಳುವುದು ಇನ್ನೂ ಕಷ್ಟವಾಗುತ್ತದೆ.

ಏಳಲಾಗದಿರುವುದಕ್ಕೆ ಎಷ್ಟೋ ಸಲ ಶಕ್ತಿಗಿಂತ ಕ್ರಮವೇ ಕಾರಣ. ಮುಂದಕ್ಕೆ ಸರಿದು ಕುರ್ಚಿಯ ಅಂಚಿಗೆ ಬನ್ನಿ. ಹಿಮ್ಮಡಿಗಳನ್ನು ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ. ಮೂಗು ಕಾಲ್ಬೆರಳುಗಳ ನೇರಕ್ಕೆ ಬರುವವರೆಗೆ ಸೊಂಟದಿಂದ ಬಾಗಿ, ಆಮೇಲೆ ಹಿಮ್ಮಡಿ ಒತ್ತಿ ಏಳಿ. ಹೆಚ್ಚಿನವರು ಹಿಂದಕ್ಕೆ ಒರಗಿದಂತೆಯೇ ಏಳಲು ಹೋಗುತ್ತಾರೆ, ಮೈಭಾರ ಕುರ್ಚಿಯ ಮೇಲೇ ಇರುವುದರಿಂದ ಧೊಪ್ಪನೆ ಮತ್ತೆ ಕೂರುತ್ತಾರೆ. ಕೂರುವಾಗ ಮನಸ್ಸಿನಲ್ಲಿ ಮೂರು ಎಣಿಸುತ್ತಾ ನಿಧಾನ ಇಳಿಯಿರಿ, ಏಕೆಂದರೆ ಶಕ್ತಿ ಬೆಳೆಯುವುದು ಇಳಿಯುವಾಗಲೂ ಹೌದು. ಏಳುವಾಗ ಉಸಿರು ಬಿಡಿ, ಹಿಡಿಯಬೇಡಿ.

ಐದು ಸಲ, ಒಂದು ನಿಮಿಷ ವಿಶ್ರಾಂತಿ, ಮತ್ತೆ ಐದು. ದಿನ ಬಿಟ್ಟು ದಿನ. ಹತ್ತು ಸಲ ಸಲೀಸಾದ ಮೇಲೆ ಒಂದು ಜಮಖಾನ ತೆಗೆಯಿರಿ. ಅದೂ ಸಲೀಸಾದರೆ ಎರಡನೆಯದನ್ನು ತೆಗೆಯಿರಿ. ಕೊನೆಗೆ ಎದೆಗೆ ಒಂದು ಲೀಟರ್ ನೀರಿನ ಬಾಟಲಿ ಅವಚಿಕೊಂಡು ಏಳಿ. ಮಾರನೆಯ ದಿನ ತೊಡೆ ಸ್ವಲ್ಪ ಬಿಗಿದುಕೊಂಡಂತಾದರೆ ಅದು ಸಹಜ, ಎರಡು ದಿನದಲ್ಲಿ ಇಳಿಯುತ್ತದೆ.

ಬಿದ್ದು ಸೊಂಟ ಮುರ್ಕೊಂಡ್ರೆ ಅನ್ನೋ ಭಯಕ್ಕೇ ಓಡಾಡೋದು ಬಿಟ್ಟಿದ್ದೀನಿ.

ಬಿಟ್ಟಷ್ಟೂ ಬೀಳುವ ಸಾಧ್ಯತೆ ಹೆಚ್ಚುತ್ತದೆ. ಸಮತೋಲನವನ್ನು ಮರಳಿ ಕಲಿಯಬಹುದು. ಅಡುಗೆಕಟ್ಟೆಯ ಮುಂದೆ ನಿಲ್ಲಿ, ಬೆರಳ ತುದಿ ಕಟ್ಟೆಯ ಮೇಲಿರಲಿ. ಮೊದಲು ಎರಡೂ ಪಾದ ಜೋಡಿಸಿ ನಿಲ್ಲಿ. ಹತ್ತು ಸೆಕೆಂಡ್ ತೊನೆಯದೆ ನಿಂತರೆ, ಒಂದು ಪಾದದ ಹೆಬ್ಬೆರಳ ಬುಡಕ್ಕೆ ಇನ್ನೊಂದರ ಹಿಮ್ಮಡಿಯ ಒಳಬದಿ ತಾಗುವಂತೆ ಅರ್ಧ ಮುಂದಿಡಿ. ಮೂರನೆಯದು ಒಂದರ ಹಿಂದೊಂದು, ಹಿಮ್ಮಡಿ ಬೆರಳಿಗೆ ತಾಗುವಂತೆ ನಿಲ್ಲುವುದು. ನಾಲ್ಕನೆಯದು ಒಂಟಿಕಾಲು. ಮೂರನೆಯ ನಿಲುವನ್ನು ಹತ್ತು ಸೆಕೆಂಡ್ ಹಿಡಿಯಲಾಗದಿದ್ದರೆ ಬೀಳುವ ಅಪಾಯ ಹೆಚ್ಚು. ಆಗ ಮುಂದೆ ಹೋಗದೆ ಅಲ್ಲೇ ದಿನಾ ಅಭ್ಯಾಸ ಮಾಡಿ. ಮನೆಯಲ್ಲಿ ಯಾರೂ ಇಲ್ಲದಾಗ ಒಂಟಿಕಾಲು ಬೇಡ.

ಜೊತೆಗೆ ಮನೆಯನ್ನೂ ಸರಿಮಾಡಿ. ಬಚ್ಚಲಲ್ಲಿ ಗೋಡೆಗೆ ಬೋಲ್ಟ್ ಹಾಕಿದ ಹಿಡಿಕೆ ಇರಲಿ. ನಲ್ಲಿಯನ್ನೋ ಟವೆಲ್ ಕಂಬಿಯನ್ನೋ ಹಿಡಿದರೆ ಕಿತ್ತು ಬರುತ್ತದೆ. ರಾತ್ರಿ ಹಾಸಿಗೆಯಿಂದ ಬಚ್ಚಲಿನವರೆಗೆ ಸಣ್ಣ ದೀಪ ಉರಿಯಲಿ. ಹೊಸ್ತಿಲ ಅಂಚಿಗೆ ಬಿಳಿ ಬಣ್ಣದ ಪಟ್ಟೆ ಎಳೆಯಿರಿ. ಸವೆದ ಹವಾಯಿ ಚಪ್ಪಲಿ ಎಸೆಯಿರಿ, ಹಿಮ್ಮಡಿಗೆ ಪಟ್ಟಿ ಇರುವುದನ್ನು ಕೊಳ್ಳಿ. ಮಲೆನಾಡಿನ ಅಂಗಳದಲ್ಲಿ ಆಷಾಢದ ಹೊತ್ತಿಗೆ ಪಾಚಿ ಕಟ್ಟುತ್ತದೆ, ಅಡಿಕೆ ದಬ್ಬೆ ಹಾಸಿದರೆ ಕೆಲವು ವಾರಕ್ಕೆ ಅದರ ಮೇಲೂ ಕಟ್ಟುತ್ತದೆ. ಹಿರಿಯರು ಓಡಾಡುವ ಎರಡಡಿ ದಾರಿಯನ್ನಾದರೂ ಬ್ಲೀಚಿಂಗ್ ಪೌಡರ್ ಹಾಕಿ, ಗಟ್ಟಿ ಬ್ರಷ್‌ನಲ್ಲಿ ವಾರಕ್ಕೊಮ್ಮೆ ಯಾರಾದರೂ ಉಜ್ಜಲಿ.

ಮಳೆ ಹಿಡಿದ್ರೆ ಮೂರು ತಿಂಗ್ಳು ಹೊರಗೆ ಕಾಲಿಡೋಕಾಗಲ್ಲ. ಆಗೇನು ಮಾಡೋದು?

ಮೂಡಿಗೆರೆ, ಕೊಪ್ಪ, ಶೃಂಗೇರಿ, ಸಕಲೇಶಪುರದ ಕಡೆಯವರ ದೊಡ್ಡ ಕಷ್ಟ ಇದು. ಜೂನ್‌ನಲ್ಲಿ ನಿಂತ ಓಡಾಟ ಅಕ್ಟೋಬರ್‌ನಲ್ಲಿ ಶುರುವಾಗುವಾಗ ಕಾಲು ಸೋತಿರುತ್ತದೆ. ಇಪ್ಪತ್ತು ಅಡಿ ಉದ್ದದ ಹಜಾರ ಇದ್ದರೆ ಸಾಕು. ಹೋಗಿ ಬಂದರೆ 12 ಮೀಟರ್, 25 ಸಲಕ್ಕೆ 300 ಮೀಟರ್. ತಿರುಗುವಾಗ ಒಂದೇ ಕಾಲಿನ ಮೇಲೆ ಗಿರಕಿ ಹೊಡೆಯಬೇಡಿ, ನಾಲ್ಕು ಸಣ್ಣ ಹೆಜ್ಜೆಯಿಟ್ಟು ತಿರುಗಿ. ಆಮೇಲೆ ಕಿಟಕಿ ಸರಳು ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು 15 ಸಲ, ಗೋಡೆಗೆ ಕೈಯಿಟ್ಟು ದೂಡುವುದು 10 ಸಲ, ಕುರ್ಚಿಯಿಂದ ಏಳುವುದು 10 ಸಲ, ಜಗಲಿಯ ಒಂದು ಮೆಟ್ಟಿಲು ಒಣಗಿದ್ದರೆ ಹತ್ತಿ ಇಳಿಯುವುದು ಪ್ರತಿ ಕಾಲಿಗೆ 10 ಸಲ. ಎಲ್ಲಾ ಸೇರಿ ಇಪ್ಪತ್ತು ನಿಮಿಷ. ಬೆಳಿಗ್ಗೆ ಒಮ್ಮೆ, ಸಂಜೆ ದೀಪ ಹಚ್ಚುವ ಮುಂಚೆ ಒಮ್ಮೆ ಮಾಡಿದರೆ ಮಳೆಗಾಲ ಕಳೆಯುವಾಗ ಕಾಲು ಹಾಗೇ ಇರುತ್ತದೆ.

ಬೆಳಿಗ್ಗೆ ಐದು ಗಂಟೆಗೇ ಹೋದ್ರೆ ಒಳ್ಳೇದು ಅಂತಾರಲ್ಲ?

ಹೊತ್ತಿನಿಂದ ವಿಶೇಷ ಲಾಭವೇನೂ ಇಲ್ಲ, ಸಂಜೆಯ ನಡಿಗೆಯೂ ಅಷ್ಟೇ ಒಳ್ಳೆಯದು. ಡಿಸೆಂಬರ್, ಜನವರಿಯ ಚಳಿಯಲ್ಲಿ ರಕ್ತನಾಳ ಬಿಗಿದು ಬಿಪಿ ಏರುತ್ತದೆ, ಹೃದಯದ ತೊಂದರೆ ಇರುವವರು ಬಿಸಿಲು ಬಂದ ಮೇಲೇ ಹೊರಡಿ. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆಯ ತೋಟದ ರಸ್ತೆಗಳಲ್ಲಿ ಕಾಡಾನೆ ಓಡಾಡುತ್ತದೆ, ಮಂಜಿನಲ್ಲಿ ಹತ್ತು ಮಾರು ದೂರದ್ದೂ ಕಾಣುವುದಿಲ್ಲ. ಅಲ್ಲಿ ಕತ್ತಲಲ್ಲಿ ನಡಿಗೆ ಬೇಡವೇ ಬೇಡ. ಮಂಗನ ಕಾಯಿಲೆ ಕಾಣಿಸಿಕೊಳ್ಳುವ ಕೊಪ್ಪ, ನರಸಿಂಹರಾಜಪುರದ ಕಡೆ ಬೇಸಿಗೆ ಮುಗಿಯುವವರೆಗೆ ಕಾಡಂಚಿನ ದರಗಿನ ದಾರಿ ಬಿಟ್ಟು ಡಾಂಬರು ರಸ್ತೆಯಲ್ಲೇ ನಡೆಯಿರಿ. ಬಂದ ಮೇಲೆ ಬಟ್ಟೆ ಬದಲಿಸಿ, ಉಣುಗು ಹತ್ತಿದೆಯೇ ನೋಡಿಕೊಳ್ಳಿ.

## ಕಾಯಿಲೆ ಇದ್ದವರಿಗೆ

ಮಂಡಿ ಸವೆದಿದೆ ಅಂದಿದ್ದಾರೆ. ನಡೆದ್ರೆ ಇನ್ನೂ ಸವೆಯಲ್ವಾ?

ಮಂಡಿ ಗಾಡಿಯ ಟೈರಿನಂತಲ್ಲ. ಮೃದ್ವಸ್ಥಿಗೆ ರಕ್ತನಾಳವಿಲ್ಲ, ಕೀಲು ಆಡಿದಾಗ ಒಳಗಿನ ದ್ರವದಿಂದಲೇ ಅದಕ್ಕೆ ಪೋಷಣೆ. ತೊಡೆಯ ಮುಂಭಾಗದ ಸ್ನಾಯು ಬಲವಾಗಿದ್ದರೆ ಮಂಡಿಗೆ ಬೀಳುವ ಹೊಡೆತವನ್ನು ಅದು ಹೀರಿಕೊಳ್ಳುತ್ತದೆ. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೆಟ್ಟಗೆ ಚಾಚಿ ಐದು ಎಣಿಸುವವರೆಗೆ ಹಿಡಿಯಿರಿ, ನಿಧಾನ ಇಳಿಸಿ. ಪ್ರತಿ ಕಾಲಿಗೆ ಹತ್ತು. ಎರಡು ವಾರದ ಮೇಲೆ ಹಳೇ ಕಾಲುಚೀಲಕ್ಕೆ ಅರ್ಧ ಕಿಲೋ ಅಕ್ಕಿ ತುಂಬಿ, ಎರಡೂ ತುದಿಗೆ ದಾರ ಕಟ್ಟಿ, ಕಣಕಾಲಿಗೆ ಸುತ್ತಿಕೊಂಡು ಮಾಡಿ.

ಎಷ್ಟು ನೋವು ತಡೆದುಕೊಳ್ಳಬಹುದು? ಮಾಡುವಾಗ ಅಲ್ಪ ನೋವಿದ್ದರೆ ಪರವಾಗಿಲ್ಲ, ಮಾರನೆಯ ಬೆಳಿಗ್ಗೆಗೆ ಮೊದಲಿನಷ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಅರ್ಧಕ್ಕೆ ತಗ್ಗಿಸಿ. ಮಂಡಿ ಕೆಂಪಾಗಿ ಬಿಸಿಯಾಗಿ ಊದಿದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಕುಕ್ಕರಗಾಲಲ್ಲಿ ಕೂರುವುದು, ನೆಲದಲ್ಲಿ ಚಕ್ಕಳಮಕ್ಕಳ ಹಾಕುವುದು ನೋವಿರುವಷ್ಟು ದಿನ ಬೇಡ. ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ.

ಶುಗರ್ ಇದೆ. ಖಾಲಿ ಹೊಟ್ಟೇಲಿ ವಾಕಿಂಗ್ ಹೋಗ್ಬಹುದಾ?

ನುಂಗುವ ಮಾತ್ರೆ ಯಾವುದು ಎಂಬುದರ ಮೇಲಿದೆ. ಮೆಟ್‌ಫಾರ್ಮಿನ್ ಒಂದೇ ಆದರೆ ಸಕ್ಕರೆ ತೀರಾ ಕುಸಿಯುವುದು ಅಪರೂಪ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಖಾಲಿ ಹೊಟ್ಟೆಯಲ್ಲಿ ಬೇಡ, ಎರಡು ಬಿಸ್ಕತ್ತೋ ಒಂದು ಬಾಳೆಹಣ್ಣೋ ತಿಂದು ಹೊರಡಿ. ಕೈ ನಡುಗಿ, ಬೆವರು ಕಿತ್ತು, ಕಣ್ಣು ಮಂಜಾದರೆ ಅಲ್ಲೇ ಕೂತು ಮೂರು ಚಮಚ ಸಕ್ಕರೆ ಬಾಯಿಗೆ ಹಾಕಿ. ಸಕ್ಕರೆಯ ಪೊಟ್ಟಣ ಯಾವಾಗಲೂ ಜೇಬಿನಲ್ಲಿರಲಿ. ಹದಿನೈದು ನಿಮಿಷಕ್ಕೂ ಸರಿಹೋಗದಿದ್ದರೆ ಮತ್ತೆ ಅಷ್ಟೇ. ಊಟವಾದ ಮೇಲಿನ ಹತ್ತು ಹದಿನೈದು ನಿಮಿಷದ ನಡಿಗೆ ಊಟದ ನಂತರ ಏರುವ ಸಕ್ಕರೆಯನ್ನು ಚೆನ್ನಾಗಿ ತಗ್ಗಿಸುತ್ತದೆ. ಪಾದ ಜೋಮು ಹಿಡಿದವರು ಬರಿಗಾಲಲ್ಲಿ ಹುಲ್ಲಿನ ಮೇಲೂ ನಡೆಯಬಾರದು. ಮನೆಗೆ ಬಂದು ಪಾದದ ಅಡಿಯನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ, ಗುಳ್ಳೆ ಎದ್ದದ್ದು ನೋವಾಗಿ ತಿಳಿಯುವುದಿಲ್ಲ.

ಬಿಪಿ ಮಾತ್ರೆ ತಗೋತೀನಿ, ಎದ್ದ ತಕ್ಷಣ ತಲೆ ತಿರುಗುತ್ತೆ.

ನಿಂತಾಗ ಬಿಪಿ ಇಳಿಯುತ್ತಿರಬಹುದು. ಐದು ನಿಮಿಷ ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಒಮ್ಮೆ ಅಳೆಸಿ. ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದಿದ್ದರೆ ಆ ಚೀಟಿ ಹಿಡಿದು ವೈದ್ಯರಲ್ಲಿಗೆ ಹೋಗಿ, ಮಾತ್ರೆಯ ಪ್ರಮಾಣ ಬದಲಿಸಬೇಕಾದೀತು. ನೀವಾಗಿಯೇ ಮಾತ್ರೆ ಬಿಡಬೇಡಿ. ಹಾಸಿಗೆಯಿಂದ ಏಳುವ ಮುಂಚೆ ಕಾಲು ಇಳಿಬಿಟ್ಟು ಕೂತು, ಪಾದವನ್ನು ಇಪ್ಪತ್ತು ಸಲ ಮೇಲೆ ಕೆಳಗೆ ಆಡಿಸಿ, ಆಮೇಲೆ ನಿಲ್ಲಿ. ಅಟೆನೊಲಾಲ್, ಮೆಟೊಪ್ರೊಲಾಲ್ ತೆಗೆದುಕೊಳ್ಳುವವರಿಗೆ ನಾಡಿಬಡಿತ ಹೆಚ್ಚು ಏರುವುದಿಲ್ಲ, ಕೈಗಡಿಯಾರದ ಲೆಕ್ಕಕ್ಕಿಂತ ಮಾತಾಡುವ ಪರೀಕ್ಷೆಯನ್ನೇ ನಂಬಿ. ಕೂತಾಗಲೇ ಬಿಪಿ 180/110 ದಾಟಿದ್ದರೆ ಅಂದು ವ್ಯಾಯಾಮ ಬೇಡ.

ಸ್ಟೆಂಟ್ ಹಾಕ್ಸಿದ್ದೀವಿ. ಅಪ್ಪ ಅಲುಗಾಡೋಕೇ ಹೆದರ್ತಾರೆ.

ಹೆದರಿಕೆ ಸಹಜ, ಆದರೆ ಹೃದಯಕ್ಕೂ ಹದವಾದ ಕೆಲಸ ಬೇಕು. ಮನೆಗೆ ಕಳಿಸುವಾಗ ಎಷ್ಟು ನಡೆಯಬಹುದೆಂದು ಬರೆಸಿಕೊಳ್ಳಿ. ಸಾಮಾನ್ಯವಾಗಿ ಸಮತಟ್ಟು ನೆಲದಲ್ಲಿ ಐದು ಹತ್ತು ನಿಮಿಷದಿಂದ ಶುರು ಮಾಡಿ, ದಿನಕ್ಕೆ ಒಂದೆರಡು ನಿಮಿಷ ಏರಿಸುತ್ತಾರೆ. ಮೊದಲ ಕೆಲವು ವಾರ ಜೊತೆಗೆ ಒಬ್ಬರಿರಲಿ, ನಾಲಿಗೆಯ ಕೆಳಗಿಡುವ ಮಾತ್ರೆ ಕೊಟ್ಟಿದ್ದರೆ ಜೇಬಿನಲ್ಲಿರಲಿ. ಎದೆ ಹಿಂಡಿದಂತಾಗುವುದು, ನೋವು ದವಡೆಗೋ ಎಡಗೈಗೋ ಹರಿಯುವುದು, ತಣ್ಣನೆ ಬೆವರು ಕಂಡರೆ ನಡೆದು ಮನೆ ತಲುಪುವ ಪ್ರಯತ್ನ ಬೇಡ, ಕೂತಲ್ಲಿಂದಲೇ 108ಕ್ಕೆ ಕರೆ ಮಾಡಿ. ಗ್ಯಾಸ್ಟ್ರಿಕ್ ಇರಬೇಕು ಎಂದು ಸೋಡಾ ಕುಡಿದು ಕಾಯುವುದರಲ್ಲಿ ಅಮೂಲ್ಯ ಸಮಯ ಹೋಗುತ್ತದೆ.

ಆಸ್ಪತ್ರೆಯಿಂದ ಬಂದ್ಮೇಲೆ ಅಜ್ಜಿ ಹಾಸಿಗೆ ಬಿಟ್ಟೇ ಏಳ್ತಿಲ್ಲ. ರೆಸ್ಟ್ ಬೇಕಲ್ವಾ?

ಆರೋಗ್ಯವಾಗಿದ್ದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ನೋಡಿದಾಗ ಕಾಲಿನ ಸ್ನಾಯು ಸುಮಾರು ಒಂದು ಕಿಲೋ ಕರಗಿತ್ತು. ಕಾಯಿಲೆ ಬಿದ್ದವರಲ್ಲಿ ಇನ್ನೂ ಬೇಗ. ವೈದ್ಯರು ಬೇಡವೆಂದಿಲ್ಲದಿದ್ದರೆ ಮೊದಲ ದಿನದಿಂದಲೇ ಮೂರು ಹೊತ್ತಿನ ಊಟವನ್ನೂ ಕುರ್ಚಿಯಲ್ಲಿ ಕೂರಿಸಿ ಕೊಡಿ. ಅದರಿಂದಲೇ ದಿನಕ್ಕೆ ಮೂರು ಸಲ ಎದ್ದು ಕೂತಂತಾಗುತ್ತದೆ. ಎಬ್ಬಿಸುವಾಗ ತೋಳು ಹಿಡಿದು ಎಳೆಯಬೇಡಿ, ಹೆಗಲ ಕೀಲು ಜಾರಬಹುದು. ಸೊಂಟಕ್ಕೆ ಅಗಲವಾದ ಬಟ್ಟೆ ಸುತ್ತಿ, ಅದನ್ನು ಹಿಡಿದು, ಅವರೇ ಮುಂದಕ್ಕೆ ಬಾಗಿ ಏಳುವವರೆಗೆ ಕಾಯಿರಿ.

## ಇನ್ನೂ ಮುಂದಕ್ಕೆ

ಮುದ್ದೆ, ಸಾರು ತಿಂದ್ರೆ ಸ್ನಾಯು ಬೆಳೆಯಲ್ವಾ? ಪ್ರೋಟೀನ್ ಪುಡಿ ಬೇಕಾ?

ಹಿರಿಯರಿಗೆ ಮೈತೂಕದ ಕಿಲೋಗೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. 55 ಕಿಲೋ ತೂಗುವವರಿಗೆ 55ರಿಂದ 66 ಗ್ರಾಂ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸಿಗುವುದು ಏಳು ಗ್ರಾಂ ಮಾತ್ರ, ಸುಣ್ಣಾಂಶ ಮಾತ್ರ ಧಾರಾಳ. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ಆದರೆ ಹುರುಳಿಕಟ್ಟಿನ ಸಾರು ಮಾಡಿ ಬೆಂದ ಕಾಳನ್ನು ದನಕ್ಕೆ ಹಾಕಿದರೆ ಅದರಲ್ಲಿ ಹೆಚ್ಚಿನದು ಕಾಳಿನ ಜೊತೆಗೇ ಹೋಯಿತು. ಆ ಕಾಳಿಗೆ ಒಗ್ಗರಣೆ ಕೊಟ್ಟು ತಿನ್ನಿ, ಹಲ್ಲಿಲ್ಲದಿದ್ದರೆ ರುಬ್ಬಿ ಸಾರಿಗೇ ಬೆರೆಸಿ. ಒಂದು ಮೊಟ್ಟೆಗೆ ಆರು ಗ್ರಾಂ, ಒಂದು ಲೋಟ ಹಾಲಿಗೂ ಹೆಚ್ಚುಕಡಿಮೆ ಅಷ್ಟೇ. ಬೆಳಗಿನ ತಿಂಡಿಯಲ್ಲೇ ಕೊರತೆ ಹೆಚ್ಚು, ಅಕ್ಕಿರೊಟ್ಟಿಯ ಜೊತೆ ಕಾಳುಪಲ್ಯ ಇರಲಿ. ಹೀಗೆ ತಿಂದರೆ ಪುಡಿಯ ಅಗತ್ಯ ಬರುವುದು ಅಪರೂಪ. ಕಿಡ್ನಿ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಒಬ್ಳೇ ಇರ್ತೀನಿ. ಬಿದ್ರೆ ಏಳೋದು ಹೇಗೆ?

ತಕ್ಷಣ ಏಳಬೇಡಿ. ಒಂದು ನಿಮಿಷ ಉಸಿರಾಡಿ, ಕೈಕಾಲು ಒಂದೊಂದಾಗಿ ಆಡಿಸಿ. ಸೊಂಟ, ತೊಡೆಸಂದಿ ವಿಪರೀತ ನೋಯುತ್ತಿದ್ದರೆ ಏಳುವ ಪ್ರಯತ್ನ ಬಿಟ್ಟು ಸಹಾಯಕ್ಕೆ ಕೂಗಿ. ಇಲ್ಲವಾದರೆ ಮಗ್ಗುಲಾಗಿ, ಮೊಣಕೈ ಊರಿ, ಅಂಬೆಗಾಲಿಗೆ ಬನ್ನಿ. ಗಟ್ಟಿ ಮಂಚ ಅಥವಾ ಕುರ್ಚಿಯವರೆಗೆ ತೆವಳಿ, ಎರಡೂ ಕೈ ಅದರ ಮೇಲಿಡಿ. ಬಲವಿರುವ ಕಾಲಿನ ಪಾದ ಮುಂದಕ್ಕೆ ಊರಿ, ಎದ್ದು, ತಿರುಗಿ ಕೂರಿ. ಮಗಳೋ ಪಕ್ಕದ ಮನೆಯವರೋ ಜೊತೆಗಿದ್ದಾಗ ಚಾಪೆಯ ಮೇಲೆ ಇದನ್ನು ಎರಡು ಸಲ ಅಭ್ಯಾಸ ಮಾಡಿಡಿ. ಮೊಬೈಲ್ ಮೇಜಿನ ಮೇಲಲ್ಲ, ಮೈಮೇಲಿರಲಿ. ತಲೆಗೆ ಪೆಟ್ಟು ಬಿದ್ದು, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಗಾಯ ಕಾಣದಿದ್ದರೂ ಅಂದೇ ಆಸ್ಪತ್ರೆಗೆ ಹೋಗಿ. ನೆರವು, ಮಾಹಿತಿ ಬೇಕಾದ ಹಿರಿಯರಿಗೆ 14567 ಎಂಬ ಉಚಿತ ಸಹಾಯವಾಣಿಯೂ ಇದೆ.

ಮೂಳೆ ಸವೆತ ಇದೆ. ಯೋಗ ಮಾಡ್ಬಹುದಾ?

ಮಾಡಬಹುದು, ಮುಂದಕ್ಕೆ ಬಾಗುವ ಆಸನಗಳನ್ನು ಬಿಟ್ಟು. ಬೆನ್ನು ಗುಂಡಗೆ ಬಾಗಿದಾಗ ಟೊಳ್ಳಾದ ಬೆನ್ನೆಲುಬಿನ ಮುಂಭಾಗ ಕುಸಿಯಬಹುದು. ಪಶ್ಚಿಮೋತ್ತಾನಾಸನ, ಹಲಾಸನ ಬೇಡ. ತಾಡಾಸನ, ಗೋಡೆಗೆ ಒರಗಿ ಮಾಡುವ ವೃಕ್ಷಾಸನ ಒಳ್ಳೆಯದು.

ಶ್ರವಣಬೆಳಗೊಳದ ಬೆಟ್ಟ ಒಮ್ಮೆ ಹತ್ತಬೇಕು ಅಂತ ಆಸೆ. ಅರವತ್ತೆಂಟಕ್ಕೆ ಆಗುತ್ತಾ?

ಹೃದಯದ ತೊಂದರೆ ಇಲ್ಲದಿದ್ದು, ಎಂಟು ವಾರ ತಯಾರಿ ಮಾಡಿದರೆ ಆಗುತ್ತದೆ. ವಿಂಧ್ಯಗಿರಿಗೆ ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲಿವೆ, ಬರಿಗಾಲಲ್ಲಿ ಹತ್ತಬೇಕು. ಮೊದಲ ವಾರ ಇಪ್ಪತ್ತು ಮೆಟ್ಟಿಲನ್ನು ಮೂರು ಸಲ, ವಾರಕ್ಕೆ ಮೂರು ದಿನ. ಪ್ರತಿ ವಾರ ಎರಡು ಸುತ್ತು ಸೇರಿಸುತ್ತಾ ಹೋದರೆ ಎಂಟನೆಯ ವಾರಕ್ಕೆ 340 ಮೆಟ್ಟಿಲಾಗುತ್ತದೆ. ಬೆಟ್ಟದಲ್ಲಿ ನಡುನಡುವೆ ಕೂರಲು ಅವಕಾಶ ಇರುವುದರಿಂದ ಅಷ್ಟು ತಯಾರಿ ಸಾಕು. ಬೆಳಿಗ್ಗೆ ಬೇಗ ಹತ್ತಿ, ಹತ್ತು ಗಂಟೆಯ ಮೇಲೆ ಬಂಡೆ ಕಾದು ಅಂಗಾಲು ಸುಡುತ್ತದೆ. ಐವತ್ತು ಮೆಟ್ಟಿಲಿಗೊಮ್ಮೆ ನಿಂತು, ಮಾತಾಡುವಷ್ಟು ಉಸಿರು ಬಂದ ಮೇಲೆ ಮುಂದುವರಿಯಿರಿ.

ಹತ್ತುವುದಕ್ಕಿಂತ ಇಳಿಯುವುದೇ ಮಂಡಿಗೆ ಹೆಚ್ಚು ಕಷ್ಟ. ತೊಡೆ ನಡುಗತೊಡಗಿದರೆ ಪಕ್ಕದ ಕಂಬಿ ಹಿಡಿದು, ಅಡ್ಡಕ್ಕೆ ತಿರುಗಿ, ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಜೋಡಿಸಿ ಇಳಿಯಿರಿ. ನೋಯುವ ಕಾಲು ಮೊದಲು ಕೆಳಗೆ, ಗಟ್ಟಿ ಕಾಲು ಆಮೇಲೆ.